ಜಿಲಿಯೋ ದ್ವೀಪ: ಹಡಗೊಂದು ಒರಗಿದ ದಡದಲ್ಲಿ

ಇಟಲಿ ದೇಶದ ಟಸ್ಕನಿ ಪ್ರಾಂತ್ಯದ ಸಾಂತೋ ಸ್ತೆಫಾನೋ ಬಂದರಿನಿಂದ ಹಡಗಿನಲ್ಲಿ ಒಂದು ಗಂಟೆ ಸಾಗಿದರೆ ಜಿಲಿಯೋ ದ್ವೀಪ ಸಿಗುತ್ತದೆ. ವಿಸ್ತಾರ ಸುಮಾರು 21 ಚದರ ಕಿಲೋಮೀಟರ್. ಜನಸಂಖ್ಯೆ 1,400ರ ಆಸುಪಾಸು. ಬಂದರಿನ ಬಣ್ಣಬಣ್ಣದ ಮನೆಗಳ ಹಿಂದೆ ಕಲ್ಲುಬೆಟ್ಟ ನೇರವಾಗಿ ಮೇಲೇಳುತ್ತದೆ. ಅದರ ನೆತ್ತಿಯಲ್ಲಿ ಕೋಟೆಗೋಡೆಯೊಳಗೆ ಒಂದು ಹಳೆಯ ಊರು. 1544ರಲ್ಲಿ ಬಾರ್ಬರೋಸಾ ಎಂಬ ತುರ್ಕಿ ನೌಕಾಧಿಪತಿಯು ಇಲ್ಲಿಯ ಏಳುನೂರಕ್ಕೂ ಹೆಚ್ಚು ಜನರನ್ನು ಸೆರೆಹಿಡಿದು ಗುಲಾಮರನ್ನಾಗಿ ಒಯ್ದನು. ಸಮುದ್ರದಿಂದ ಬಂದವರ ವಿಷಯದಲ್ಲಿ ಈ ಜನರಿಗೆ ಅಂಜಿಕೆಯೇ ಉಳಿದಿದ್ದರೆ ಅದು ಸಹಜವೆನಿಸುತ್ತಿತ್ತು.

ಆದರೆ ನಾವು ಈ ದ್ವೀಪವನ್ನು ನೋಡಬಯಸಿದ್ದು ಆ ಹಳೆಯ ಇತಿಹಾಸಕ್ಕಾಗಿ ಅಲ್ಲ. 2012ರ ಜನವರಿ 13ರ ರಾತ್ರಿ ಕೋಸ್ತಾ ಕಾಂಕಾರ್ಡಿಯಾ ಎಂಬ ವಿಲಾಸನೌಕೆ ಇದೇ ಬಂದರಿನ ಮಗ್ಗುಲಲ್ಲಿ ಒರಗಿ ಬಿದ್ದಿತು. 290 ಮೀಟರ್ ಉದ್ದದ ಆ ಹಡಗಿನಲ್ಲಿ 4,229 ಜನರಿದ್ದರು; ಅವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸಿಬ್ಬಂದಿ. ಚಿವಿತವೆಕ್ಕಿಯಾ ಬಂದರಿನಿಂದ ಸಂಜೆ ಹೊರಟಿದ್ದ ಹಡಗನ್ನು ಅದರ ನಾಯಕ ಫ್ರಾಂಚೆಸ್ಕೋ ಸ್ಕೆತ್ತೀನೋ, ದ್ವೀಪಕ್ಕೆ ವಂದನೆ ಸಲ್ಲಿಸುವ ನೆಪದಲ್ಲಿ, ದಡಕ್ಕೆ ಅತಿ ಸಮೀಪ ತಂದನು. 9 ಗಂಟೆ 45 ನಿಮಿಷಕ್ಕೆ ನೀರಿನೊಳಗಿನ ಬಂಡೆ ತಗಲಿ ಹಡಗಿನ ಪಕ್ಕೆ ಐವತ್ತು ಮೀಟರಿಗೂ ಹೆಚ್ಚು ಉದ್ದಕ್ಕೆ ಸೀಳಿತು. ವಿದ್ಯುತ್ತು ಕೆಟ್ಟಿದೆ, ಗಾಬರಿಯಾಗಬೇಡಿರೆಂದು ಪ್ರಯಾಣಿಕರಿಗೆ ಸಾರಲಾಯಿತು. ಹಡಗನ್ನು ಬಿಡಬೇಕೆಂಬ ಆಜ್ಞೆ ಹೊರಟಿದ್ದು ಒಂದು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಹಡಗು ವಾಲಿತ್ತು. ಕೆಲವು ದೋಣಿಗಳನ್ನು ಇಳಿಸುವುದೇ ಅಸಾಧ್ಯವಾಗಿತ್ತು. 32 ಜೀವಗಳು ಹೋದವು.

ಅಂದಿನ ರಾತ್ರಿ ಬಂದರಿಗೆ ಬಂದಿಳಿದವರ ಸಂಖ್ಯೆ ಊರವರ ಸಂಖ್ಯೆಗಿಂತ ಎಷ್ಟೋ ಪಟ್ಟು ಅಧಿಕ. ಚಳಿಗಾಲದ ನಡುರಾತ್ರಿ, ಬಂದವರಲ್ಲಿ ಹಲವರು ಒದ್ದೆಬಟ್ಟೆಯಲ್ಲಿದ್ದರು, ಕೆಲವರು ಬರಿಗಾಲಲ್ಲಿದ್ದರು. ಜನ ಮನೆಬಾಗಿಲು ತೆರೆದರು; ಕಂಬಳಿ, ಬಟ್ಟೆ, ಬಿಸಿಪಾನೀಯ ತಂದರು. ಶಾಲೆ ತೆರೆಯಿತು. ಬಂದರಿನ ಚರ್ಚಿನ ಪಾದ್ರಿಗಳು ಬಾಗಿಲು ತೆಗೆದು, ಪೂಜಾವೇದಿಕೆಯ ವಸ್ತ್ರಗಳನ್ನೇ ಹೊದೆಯಲು ಕೊಟ್ಟರು. ದೇವರ ಬಟ್ಟೆ ಜೀವರ ಮೈಗೆ ಬಂದಿತು. ದಾಸೋಹವೆಂಬ ಮಾತನ್ನು ಕೇಳರಿಯದ ಜನ ಅವರು. ನಮಗಂತೂ ಅದಕ್ಕೆ ಬೇರೆ ಹೆಸರು ತೋಚಲಿಲ್ಲ. ಊರಿನ ಉಪಮೇಯರ್ ಮಾರಿಯೋ ಪೆಲ್ಲೆಗ್ರೀನಿಯವರು ಜನ ಹಡಗಿನಿಂದ ಇಳಿಯುತ್ತಿದ್ದ ಹೊತ್ತಿನಲ್ಲಿ ತಾವು ಅದನ್ನು ಏರಿದರು. ಮೇಲೆ ಹೊಣೆಗಾರರಾದ ಅಧಿಕಾರಿಗಳು ಯಾರಾದರೂ ಸಿಕ್ಕಾರೆಂದು ಹುಡುಕಿ, ಸಿಗದೆ ಇದ್ದಾಗ, ಅಲ್ಲಿಯೇ ನಿಂತು ಜನರನ್ನು ಇಳಿಸುವ ಕೆಲಸಕ್ಕೆ ಕೈ ಹಾಕಿದರು.

ಮರುದಿನ ಬಂದವರು ವರದಿಗಾರರು. ಕ್ಯಾಮೆರಾಗಳು ಬಂದರಿನ ಕಟ್ಟೆಯ ಮೇಲೆ ಸಾಲಾಗಿ ನಿಂತವು. ಟೈಟಾನಿಕ್ ಮುಳುಗಿ ನೂರು ವರ್ಷ ತುಂಬುವ ವರ್ಷವದು. ಆ ಹೋಲಿಕೆ ಬಿಟ್ಟರೆ ಬೇರೆ ಮಾತಿಲ್ಲವೆಂಬಂತಾಯಿತು. ಬಂಡೆ ತಗಲಿದ ಕ್ಷಣದಲ್ಲಿ ಭೋಜನಶಾಲೆಯಲ್ಲಿ ಟೈಟಾನಿಕ್ ಚಿತ್ರದ ಹಾಡು ಕೇಳಿಬರುತ್ತಿತ್ತೆಂದು ಒಬ್ಬಿಬ್ಬರು ಹೇಳಿದ್ದೇ ಲೋಕವಾರ್ತೆಯಾಯಿತು. ಹಡಗನ್ನು ಬಿಟ್ಟು ದೋಣಿ ಸೇರಿದ್ದ ನಾಯಕನಿಗೆ ಕರಾವಳಿ ರಕ್ಷಣಾಧಿಕಾರಿಯೊಬ್ಬರು ಮರಳಿ ಹಡಗನ್ನೇರೆಂದು ದೂರವಾಣಿಯಲ್ಲಿ ಗದರಿಸಿದ ಧ್ವನಿಮುದ್ರಿಕೆ ಬಯಲಾಗಿ, ಕೆಲವೇ ದಿನಗಳಲ್ಲಿ ಆ ಬೈಗುಳ ಅಂಗಿಗಳ ಮೇಲೆ ಅಚ್ಚಾಗಿ ಮಾರಾಟವಾಯಿತು. ಇನ್ನೂ ಹೆಣಗಳನ್ನು ಹುಡುಕುತ್ತಿದ್ದ ದಿನಗಳವು! ನಾಯಕನ ಜೊತೆಗಿದ್ದ ಯುವತಿಯನ್ನು ಕುರಿತು ಹಬ್ಬಿದ ಕಥೆಗಳಂತೂ ಮನೆಮಂದಿ ಓದುವ ಈ ಪುಟಗಳಲ್ಲಿ ಹೇಳತಕ್ಕವಲ್ಲ.

ನಾಯಕನ ತಪ್ಪು ಸಣ್ಣದಲ್ಲ. ಜಾರಿ ದೋಣಿಯೊಳಗೆ ಬಿದ್ದೆನೆಂಬ ಅವನ ಸಮಜಾಯಿಷಿಯನ್ನು ನಂಬಿದವರು ವಿರಳ. 2015ರಲ್ಲಿ ನ್ಯಾಯಾಲಯವು ವಿಧಿಸಿದ 16 ವರ್ಷಗಳ ಶಿಕ್ಷೆ 2017ರಲ್ಲಿ ಖಾಯಮಾಯಿತು. ಆದರೆ ಒಬ್ಬ ಹೇಡಿ ಸಿಕ್ಕಿದೊಡನೆ ಸುದ್ದಿಗಾರರು ಹಡಗಿನಲ್ಲಿದ್ದ ಎಲ್ಲರಿಗೂ ಅದೇ ಬಣ್ಣ ಬಳಿದದ್ದು ನ್ಯಾಯವೆನಿಸದು. ಗಂಡಸರು ಹೆಂಗಸರು ಮಕ್ಕಳನ್ನು ತಳ್ಳಿ ದೋಣಿಗೆ ನುಗ್ಗಿದರೆಂದು ದೊಡ್ಡಕ್ಷರದಲ್ಲಿ ಮುದ್ರಿಸಿದರು. ಅಂಥವರೂ ಇದ್ದಿರಬಹುದು, ಕತ್ತಲು, ವಾಲುವ ನೆಲ, ಏನು ಮಾಡಬೇಕೆಂದು ಹೇಳುವವರಿಲ್ಲ. ಆದರೆ ತನ್ನ ಜೀವರಕ್ಷಕ ಕವಚವನ್ನು ಹೆಂಡತಿಗೆ ತೊಡಿಸಿ ತಾನು ನೀರುಪಾಲಾದ ಫ್ರೆಂಚ್ ಗೃಹಸ್ಥನೂ ಆ ಹಡಗಿನಲ್ಲಿದ್ದ. ಅಳುವ ಮಕ್ಕಳಿಗೆ ಕವಚ ಕಟ್ಟಿಕೊಟ್ಟು, ಆಮೇಲೆ ತನ್ನ ಪಿಟೀಲು ತರಲು ಕೋಣೆಗೆ ಹೋಗಿ ಮರಳದ ಹಂಗೇರಿಯ ವಾದಕನೂ ಇದ್ದ.

ರಕ್ಷಣಾಪಡೆಯವರು ಕತ್ತಲಲ್ಲಿ ತೆಗೆದ ಒಂದು ಚಿತ್ರವಿದೆ. ಜಗತ್ತಿನ ದೂರದರ್ಶನ ವಾಹಿನಿಗಳೆಲ್ಲ ಅದನ್ನು ಮತ್ತೆ ಮತ್ತೆ ತೋರಿಸಿದವು. ಒರಗಿದ ಹಡಗಿನ ಹೊರಮೈ ಮೇಲೆ ಇರುವೆಗಳಂತೆ ಜನ ಇಳಿಯುತ್ತಿದ್ದಾರೆ. ಅದನ್ನು ಭೀಕರ ದೃಶ್ಯವೆಂದು ತೋರಿಸಲಾಯಿತು, ಭೀಕರವೂ ಹೌದು. ಆದರೆ ಸಾವಧಾನದಿಂದ ನೋಡಿದವರಿಗೆ ಇನ್ನೊಂದು ಕಾಣುತ್ತದೆ: ಅದು ಒಂದು ಸಾಲು. ಒಬ್ಬರ ಹಿಂದೆ ಒಬ್ಬರು, ತಮ್ಮ ಸರದಿಗಾಗಿ ಕಾಯುತ್ತ ಇಳಿಯುತ್ತಿದ್ದಾರೆ.

ನಿಜಕ್ಕೂ ಸುದ್ದಿಯಾಗಬೇಕಿದ್ದ ಸಂಗತಿ ಮೂಲೆಯಲ್ಲಿ ಉಳಿಯಿತು. ಅಂದು ಸಂಜೆ ಹಡಗನ್ನೇರಿದ ಸುಮಾರು 700 ಪ್ರಯಾಣಿಕರಿಗೆ, ಅಪಾಯ ಬಂದರೆ ಎಲ್ಲಿ ಸೇರಬೇಕು, ಕವಚವನ್ನು ಹೇಗೆ ಕಟ್ಟಿಕೊಳ್ಳಬೇಕೆಂಬ ತಾಲೀಮು ಆಗಿರಲೇ ಇಲ್ಲ. 24 ಗಂಟೆಗಳೊಳಗೆ ಮಾಡಿದರೆ ಸಾಕೆಂಬುದು ಅಂದಿನ ನಿಯಮ. ಈ ದುರಂತದ ತರುವಾಯ ನಿಯಮ ಬದಲಾಗಿ, 2015ರ ಜನವರಿಯಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟೊಡನೆ ತಾಲೀಮು ನಡೆಯಲೇಬೇಕಾಗಿದೆ. ಮುಂಬಯಿಯಿಂದ ಗೋವೆಗೂ ಲಕ್ಷದ್ವೀಪಕ್ಕೂ ವಿಹಾರನೌಕೆಗಳಲ್ಲಿ ಹೋಗುವ ನಮ್ಮವರು ಆ ಅರ್ಧ ಗಂಟೆಯನ್ನು ಬೇಸರವೆಂದು ತಪ್ಪಿಸಿಕೊಳ್ಳದಿರಲಿ.

ಹಡಗಿನ ಸಿಬ್ಬಂದಿಯಲ್ಲಿ ಸುಮಾರು ಇನ್ನೂರು ಮಂದಿ ಭಾರತೀಯರು. ಅಡಿಗೆಯವರು, ಬಡಿಸುವವರು, ಕೋಣೆ ಗುಡಿಸುವವರು. ಸಿಬ್ಬಂದಿಗೆ ಏನೂ ತಿಳಿದಿರಲಿಲ್ಲವೆಂದು ಪ್ರಯಾಣಿಕರು ಸಿಟ್ಟಾದರು. ಸಿಟ್ಟಿಗೆ ಕಾರಣವಿತ್ತು, ಆದರೆ ಮೇಲಿನವರು ಏನೂ ಹೇಳದಿದ್ದಾಗ ಊಟದ ತಟ್ಟೆ ಹಿಡಿಯುವವನಿಗೆ ತಿಳಿಯುವುದಾದರೂ ಏನು? ಮುಂಬಯಿಯ ಕಡೆಯ ಒಬ್ಬ ಪರಿಚಾರಕ ಆ ರಾತ್ರಿ ಪ್ರಯಾಣಿಕರಿಗೆ ನೆರವಾಗುತ್ತಿದ್ದುದನ್ನು ಕಂಡವರು ಇದ್ದರೆಂದು ವರದಿಯಾಯಿತು. ಆತ ಮರಳಲಿಲ್ಲ. ಅವನನ್ನು ಹುಡುಕಿಕೊಂಡು ಅವನ ಸಹೋದರ ಈ ದ್ವೀಪಕ್ಕೆ ಮತ್ತೆ ಮತ್ತೆ ಬಂದರು. ಇಲ್ಲಿಯವರು ಅವರನ್ನು ಮನೆಯವರಂತೆಯೇ ಕಂಡರು. ಹಡಗನ್ನು 2013ರ ಸೆಪ್ಟೆಂಬರಿನಲ್ಲಿ ನೆಟ್ಟಗೆ ನಿಲ್ಲಿಸಿ, 2014ರ ಜುಲೈಯಲ್ಲಿ ಜಿನೋವಾ ಬಂದರಿಗೆ ಎಳೆದೊಯ್ದು ಒಡೆಯತೊಡಗಿದಾಗ, ಆ ವರ್ಷದ ನವೆಂಬರಿನಲ್ಲಿ ಅವನ ಅಸ್ಥಿ ಸಿಕ್ಕಿತು. ಮೂವತ್ತೆರಡು ಜನರಲ್ಲಿ ಕಡೆಯದಾಗಿ ದೊರೆತವನು ಅವನೇ.

ಹಡಗು ಒರಗಿದ್ದಷ್ಟು ಕಾಲ ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲೆಂದೇ ಜನ ಬರುತ್ತಿದ್ದರು. ಬೆಳಗ್ಗೆ ಬಂದು ಸಂಜೆಗೆ ಹೊರಡುವವರು. ಈಗ ಅಲ್ಲಿ ತಿಳಿನೀರು ಮಾತ್ರ. ಬಂದರಿನ ಕಟ್ಟೆಯ ಮೇಲೆ ಒಂದು ಫಲಕವಿದೆ. 32 ಹೆಸರುಗಳಲ್ಲಿ ಆ ಮುಂಬಯಿಯವನ ಹೆಸರನ್ನೂ ಓದಿದೆವು. ಜನವರಿ 13ರ ರಾತ್ರಿ 9 ಗಂಟೆ 45 ನಿಮಿಷಕ್ಕೆ ಊರವರು ಇಲ್ಲಿ ಸೇರುತ್ತಾರೆ. ಬಂದರಿನಲ್ಲಿರುವ ಹಡಗುಗಳು ಕೊಂಬು ಊದುತ್ತವೆ.