ಗವಿಗೆ ಬರುವ ಸೂರ್ಯ

ಸಂಕ್ರಾಂತಿಯ ಸಂಜೆ ಸೂರ್ಯದರ್ಶನಕ್ಕೆಂದು ಬೆಂಗಳೂರಿನ ಜನ ಬಯಲಿಗೆ ಹೋಗುವುದಿಲ್ಲ. ಗವಿಯೊಂದರ ಬಾಗಿಲಿಗೆ ಹೋಗುತ್ತಾರೆ. ಬೆಳಕನ್ನು ಕಾಣಲು ಕತ್ತಲೆಯ ಕಡೆಗೆ ಮುಖಮಾಡಿ ನಿಲ್ಲುವ ಈ ವಿಚಿತ್ರ ಯಾತ್ರೆ ವರ್ಷಕ್ಕೊಮ್ಮೆ ಗವಿಪುರದಲ್ಲಿ ನಡೆಯುತ್ತದೆ. ಊರಿನಲ್ಲಿಯೇ ಹುಟ್ಟಿ ಬೆಳೆದಿದ್ದರೂ ಗವಿ ಗಂಗಾಧರೇಶ್ವರನ ಗುಡಿಯನ್ನು ಕಾಣದವರು ಅನೇಕರಿದ್ದಾರೆ. ಕಂಡವರಲ್ಲಿಯೂ ಕೈಮುಗಿದು ಬಂದವರೇ ಹೆಚ್ಚು. ಕೈಮುಗಿದ ಬಳಿಕ ಬೆರಳು ಮಡಿಚಿ ಲೆಕ್ಕ ಹಾಕಿದವರು ಕಡಮೆ. ಹಬ್ಬದ ದಿನವೂ ಲೆಕ್ಕವೇ ಎಂದು ವಾಚಕರು ಹುಬ್ಬು ಗಂಟಿಕ್ಕಬಾರದು. ಇದು ಪರೀಕ್ಷೆಯ ಲೆಕ್ಕವಲ್ಲ. ಎಳ್ಳುಬೆಲ್ಲದ ಜೊತೆಗೆ ಮೆಲ್ಲಬಹುದಾದ ಲೆಕ್ಕ.

ಗವಿಪುರದ ದಾರಿ ದುರ್ಗಮವೇನಲ್ಲ. ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೊ ಇಳಿದವರಿಗೆ ಆಟೋರಿಕ್ಷಾ ಸಿಕ್ಕುತ್ತದೆ. ಆದರೆ ಮಕ್ಕಳನ್ನು ಕರೆದುಕೊಂಡು ಹೊರಟವರು ಬಸವನಗುಡಿಯ ಕಡೆಯಿಂದ ನಡೆದುಬರುವುದೇ ಮೇಲು. ಕಹಳೆ ಬಂಡೆ, ದೊಡ್ಡ ಗಣೇಶ, ದೊಡ್ಡ ಬಸವ ಇವರೆಲ್ಲರನ್ನೂ ಮಾತನಾಡಿಸಿಕೊಂಡು ಬಂದರೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ: ಊರಿನ ಈ ಭಾಗವೆಲ್ಲ ಬಂಡೆಯ ಬೆನ್ನಿನ ಮೇಲೆ ಕುಳಿತಿದೆ. ಲಾಲ್‌ಬಾಗಿನ ಗುಡ್ಡದ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಗವಿಪುರದ ಬಂಡೆಯೂ ಅದೇ ಕುಲದ್ದು. ಆ ಲೆಕ್ಕದಲ್ಲಿ ನಮ್ಮ ಹಬ್ಬಗಳೆಲ್ಲ ನಿನ್ನೆ ಸಂಜೆ ಹುಟ್ಟಿದ ಕೂಸುಗಳು.

ಕೆಂಪಾಂಬುಧಿ ಕೆರೆಯ ಸಮೀಪದಲ್ಲಿ ಈ ಬಂಡೆ ಒಂದೆಡೆ ಬಾಯಿ ತೆರೆದಿದೆ. ಆ ಬಾಯಿಯೇ ಗುಡಿ. 16ನೆಯ ಶತಮಾನದಲ್ಲಿ ಕೆಂಪೇಗೌಡರು ಇದನ್ನು ಜೀರ್ಣೋದ್ಧಾರ ಮಾಡಿಸಿದರೆಂಬ ಪ್ರತೀತಿ ಉಂಟು. ಅಂಗಳಕ್ಕೆ ಕಾಲಿಟ್ಟೊಡನೆ ಕಣ್ಣು ಸೆಳೆಯುವುದು ಕಲ್ಲಿನ ಕಂಬಗಳ ಮೇಲೆ ನಿಂತ ಎರಡು ಬೃಹತ್ ಚಕ್ರಗಳು. ಅವುಗಳಿಗೆ ಸೂರ್ಯಪಾನ, ಚಂದ್ರಪಾನ ಎಂದು ಹೆಸರು. ಪಕ್ಕದಲ್ಲಿಯೇ ಕಲ್ಲಿನ ತ್ರಿಶೂಲ, ಕಲ್ಲಿನ ಡಮರು. ಶಿವನು ತನ್ನ ಸಾಮಾನುಗಳನ್ನು ಅಂಗಳದಲ್ಲಿ ಒರಗಿಸಿಟ್ಟು ಈಗತಾನೆ ಒಳಗೆ ಹೋಗಿದ್ದಾನೋ ಎನ್ನಿಸುತ್ತದೆ.

ಒಳಗೆ ತಲೆ ತಗ್ಗಿಸಿ ನಡೆಯಬೇಕು. ಇಲ್ಲಿ ಎತ್ತರದವನಿಗೂ ಗಿಡ್ಡನಿಗೂ ಒಂದೇ ಮರ್ಯಾದೆ. ಗವಿಯಲ್ಲಿ ಎರಡು ತಲೆ, ಏಳು ಕೈ, ಮೂರು ಕಾಲುಗಳ ಅಗ್ನಿಯ ವಿಗ್ರಹವಿದೆ. ಅಗ್ನಿಯ ಮೂರ್ತಿ ಬೇರೆಡೆ ಸುಲಭವಾಗಿ ಕಾಣಸಿಗುವಂಥದಲ್ಲ. ಗರ್ಭಗುಡಿಯಲ್ಲಿ ಲಿಂಗ, ಅದರ ಇದಿರಿಗೆ ನಂದಿ, ನಂದಿಯ ಹಿಂದುಗಡೆ ಪಡುವಣ ಗೋಡೆಯಲ್ಲಿ ಒಂದು ಕಿಟಕಿ. ನಾವು ನೋಡಹೊರಟ ನಾಟಕಕ್ಕೆ ಈ ಮೂವರೇ ಪಾತ್ರಧಾರಿಗಳು. ನಾಲ್ಕನೆಯವನು ಹದಿನೈದು ಕೋಟಿ ಕಿಲೋಮೀಟರ್ ದೂರದಿಂದ ಬರಬೇಕು.

ಸಂಕ್ರಾಂತಿಯ ದಿನ ಸಂಜೆ 5 ಗಂಟೆ ಕಳೆಯುತ್ತಿದ್ದಂತೆ ಅವನು ಬರುತ್ತಾನೆ. ಇಳಿಬಿಸಿಲು ಕಿಟಕಿಯಿಂದ ನುಸುಳಿ, ನಂದಿಯ ಎರಡು ಕೊಂಬುಗಳ ನಡುವೆ ಹಾದು, ಲಿಂಗವನ್ನು ಮುಟ್ಟುತ್ತದೆ. ಸೂರ್ಯ ಕೆಳಗಿಳಿದಂತೆ ಬೆಳಕಿನ ತುಣುಕು ಮೆಲ್ಲಮೆಲ್ಲನೆ ಮೇಲಕ್ಕೇರುತ್ತದೆ. ಗವಿಯ ಕತ್ತಲೆಯಲ್ಲಿ ಲಿಂಗ ಕೆಂಡದಂತೆ ಹೊಳೆಯುತ್ತದೆ. ಘಂಟೆ, ಮಂತ್ರಘೋಷ, ಜನರ ಉದ್ಗಾರ! ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಅಷ್ಟು ಬೇಗನೆ ಏಕೆ ಎಂದರೆ, ಆಕಾಶದಲ್ಲಿ ಸೂರ್ಯಬಿಂಬದ ಅಗಲ ಅರ್ಧ ಡಿಗ್ರಿ. ಭೂಮಿಯ ತಿರುಗಾಟದಿಂದ ಅದು ತನ್ನ ಅಗಲದಷ್ಟು ದೂರ ಸರಿಯಲು ಎರಡೇ ನಿಮಿಷ ಸಾಕು. ಕಿರಿದಾದ ಕಿಟಕಿಗೂ ಎರಡು ಕೊಂಬಿಗೂ ನಡುವೆ ಅವನು ಎಷ್ಟು ಹೊತ್ತು ತಾನೇ ನಿಂತಾನು!

ಸಂಕ್ರಾಂತಿಯೆಂದರೆ ಉತ್ತರಾಯಣ ಪುಣ್ಯಕಾಲ, ದಕ್ಷಿಣಕ್ಕೆ ಹೋಗಿದ್ದ ಸೂರ್ಯ ಉತ್ತರಕ್ಕೆ ತಿರುಗುವ ದಿನ ಎಂದು ನಾವೆಲ್ಲ ಕೇಳಿ ಬೆಳೆದವರು. ನಮ್ಮ ಮನೆಯಲ್ಲಿ ಒಂದು ಹಬ್ಬದ ಹಿಂದಿನ ರಾತ್ರಿ ನನ್ನ ತಾಯಿ ಕೊಬ್ಬರಿ ಹೆಚ್ಚುತ್ತ ಇದೇ ಮಾತನ್ನು ಹೇಳುತ್ತಿದ್ದರು. ಏಳನೆಯ ತರಗತಿಯ ಮಗಳು ಥಟ್ಟನೆ ಕೇಳಿದಳು:

“ಅಜ್ಜಿ, ಸೂರ್ಯ ಡಿಸೆಂಬರಿನಲ್ಲೇ ತಿರುಗಿಬಿಟ್ಟ ಅಂತ ಪುಸ್ತಕದಲ್ಲಿದೆ. ಸುಳ್ಳು ಯಾರದು? ನಿಮ್ಮದೋ, ಪುಸ್ತಕದ್ದೋ?”

ಮನೆಯಲ್ಲಿ ಒಂದು ಗಳಿಗೆ ಮೌನ. ಪ್ರಶ್ನೆ ಸಣ್ಣದಾಗಿರಲಿಲ್ಲ. ಪುಸ್ತಕ ಸುಳ್ಳೆಂದರೆ ಮಗು ಶಾಲೆಯನ್ನು ನಂಬದು. ಅಜ್ಜಿ ಸುಳ್ಳೆಂದರೆ ನಾಳೆಯ ಹಬ್ಬದ ಸವಿಯೇ ಹೋದೀತು. ಎಷ್ಟೋ ಮನೆಗಳಲ್ಲಿ ಇಂಥ ಪ್ರಶ್ನೆಗೆ ಸಿಕ್ಕುವ ಉತ್ತರ “ಬಾಯಿ ಮುಚ್ಚು” ಎಂಬುದು. ಬಾಯಿ ಮುಚ್ಚಿದ ಮಗು ಮುಂದೆ ಎರಡನ್ನೂ ನಂಬದೆ ಹೋಗುತ್ತದೆ. ನನ್ನ ತಾಯಿ ಕೊಬ್ಬರಿಯಿಂದ ಕಣ್ಣೆತ್ತದೆ ಹೇಳಿದರು: “ತಿರುಗಿದರೆ ತಿರುಗಲಿ ಕಣೇ. ದೂರದಿಂದ ಬರುವವನು ಬಾಗಿಲಿಗೆ ಬಂದಮೇಲಲ್ಲವೇ ಆರತಿ ಎತ್ತೋದು? ಅದೇನು ಅಂತ ನಿಮ್ಮಪ್ಪನ್ನ ಕೇಳು.”

ನಾನು ಕನ್ನಡ ಪಾಠ ಹೇಳುವವನು. ಆದರೂ ಉತ್ತರ ಹೇಳಲು ಒಂದು ಬುಗುರಿ ಸಾಕಾಯಿತು. ತಿರುಗುವ ಬುಗುರಿಯ ವೇಗ ತಗ್ಗಿದಾಗ ಅದರ ತಲೆ ನಿಧಾನವಾಗಿ ವೃತ್ತಾಕಾರದಲ್ಲಿ ತೂಗಾಡುವುದನ್ನು ಎಲ್ಲರೂ ಕಂಡಿದ್ದೇವೆ. ಭೂಮಿಯ ಅಕ್ಷವೂ ಹಾಗೆಯೇ ತೂಗುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಇದರ ಫಲವಾಗಿ ನಕ್ಷತ್ರಗಳನ್ನು ನೋಡಿ ಅಳೆದ ವರ್ಷವು ಋತುಗಳನ್ನು ನೋಡಿ ಅಳೆದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ನಮ್ಮ ಪಂಚಾಂಗ ನಕ್ಷತ್ರಗಳನ್ನು ನಂಬಿದೆ. ಸೂರ್ಯ ಮಕರರಾಶಿಗೆ ಕಾಲಿಡುವ ದಿನವೇ ಅದಕ್ಕೆ ಸಂಕ್ರಾಂತಿ. ಸೂರ್ಯ ಉತ್ತರಕ್ಕೆ ತಿರುಗುವುದಾದರೋ ಋತುವಿನ ವ್ಯವಹಾರ. ಅದು ಡಿಸೆಂಬರ್ 21 ಅಥವಾ 22ಕ್ಕೆ. ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ವರ್ಷಕ್ಕೆ 20 ನಿಮಿಷ ಏನು ಮಹಾ ಎನ್ನಬಹುದು. ಆದರೆ 72 ವರ್ಷಕ್ಕೆ ಅದು ಒಂದು ದಿನವಾಗಿ, ಇಂದು ಇಪ್ಪತ್ತನಾಲ್ಕು ದಿನಗಳಷ್ಟು ಬೆಳೆದಿದೆ. ಅಜ್ಜಿಯದೂ ಸುಳ್ಳಲ್ಲ, ಪುಸ್ತಕದ್ದೂ ಸುಳ್ಳಲ್ಲ. ಒಂದು ಕಾಲಕ್ಕೆ ಜೊತೆಯಾಗಿ ಹೊರಟ ಇಬ್ಬರು ಪಯಣಿಗರಲ್ಲಿ ಒಬ್ಬನು ವರ್ಷಕ್ಕೆ 20 ನಿಮಿಷ ತಡಮಾಡಿದ್ದಾನೆ, ಅಷ್ಟೆ.

ಇದಕ್ಕೆ ಸಾಕ್ಷಿ ಬೇಕೆ? ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ತಾರೀಖು 1863ರ ಜನವರಿ 12. ಈಗ ಹಬ್ಬ 14 ಇಲ್ಲವೆ 15ಕ್ಕೆ ಬರುತ್ತದೆ. ಹೀಗೆಯೇ ಸರಿಯುತ್ತ ಹೋದರೆ ಇನ್ನು ಒಂಬತ್ತು ಸಾವಿರ ವರ್ಷಗಳ ಹೊತ್ತಿಗೆ ಸಂಕ್ರಾಂತಿ ಮೇ ತಿಂಗಳಿಗೆ ಬರಬೇಕು. ಆಗ ಅವರೆಕಾಯಿಯ ಸೊಗಡು ಎಲ್ಲಿ? ಕಬ್ಬಿನ ಜಲ್ಲೆಯ ಬದಲು ಮಾವಿನಹಣ್ಣು ಬೀರಬೇಕಾದೀತು! ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಇದನ್ನೆಲ್ಲ ವಿಚಾರಿಸಿತು. 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ ಋತುಗಳನ್ನೇ ಅನುಸರಿಸುತ್ತದೆ. ಮನೆಮನೆಯ ಹಬ್ಬಗಳು ಮಾತ್ರ ಹಳೆಯ ದಾರಿಯನ್ನು ಬಿಟ್ಟಿಲ್ಲ.

ಈಗ ಗವಿಗೆ ಮರಳೋಣ. ನಿಜವಾದ ಚಮತ್ಕಾರ ಅಲ್ಲಿದೆ. ಕಿಟಕಿಗೆ ಪಂಚಾಂಗ ಓದಲು ಬಾರದು. ಸೂರ್ಯ ದಕ್ಷಿಣದಲ್ಲಿ ಒಂದು ನಿರ್ದಿಷ್ಟ ಸ್ಥಾನದಲ್ಲಿದ್ದರೆ ಅದು ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಇಲ್ಲ. ಆ ಸ್ಥಾನವನ್ನು ಸೂರ್ಯ ವರ್ಷಕ್ಕೆ ಒಮ್ಮೆಯಲ್ಲ, ಎರಡು ಸಲ ದಾಟಬೇಕು: ಮರಳಿ ಬರುವಾಗ ಒಮ್ಮೆ, ಅದಕ್ಕೂ ಮುಂಚೆ ಹೋಗುವಾಗ ಒಮ್ಮೆ. ಡಿಸೆಂಬರ್ 21ರಿಂದ ಜನವರಿ 14ಕ್ಕೆ 24 ದಿನ. ಹಿಂದಕ್ಕೆ 24 ದಿನ ಎಣಿಸಿದರೆ ನವೆಂಬರ್ 27. ಅಂದೂ ಬೆಳಕು ಬರಲೇಬೇಕು! ಮಗಳು ಈ ಲೆಕ್ಕವನ್ನು ಮಾಡಿ ನೋಟುಪುಸ್ತಕದಲ್ಲಿ ಬರೆದಿಟ್ಟಳು. ಬರುವ ನವೆಂಬರಿನವರೆಗೆ ಕಾಯುವುದು ಅವಳ ಪಾಲಿಗೆ ಸುಲಭವಾಗಿರಲಿಲ್ಲ.

ಹೋದೆವು. ಅಂಗಳದಲ್ಲಿ ಜನಜಂಗುಳಿ ಇಲ್ಲ, ದೂರದರ್ಶನದವರ ಕ್ಯಾಮೆರಾಗಳಿಲ್ಲ. ಪ್ರದಕ್ಷಿಣೆ ಹಾಕುವ ನಾಲ್ಕಾರು ಮಂದಿ, ತೆಪ್ಪಗೆ ಬಿದ್ದುಕೊಂಡ ಒಂದು ನಾಯಿ, ಅಷ್ಟೆ. ಜನವರಿಯ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದೆವು. ಏಕೆಂದರೆ ಭೂಮಿ ಸೂರ್ಯನನ್ನು ಸುತ್ತುವ ವೇಗ ಸದಾ ಒಂದೇ ಅಲ್ಲ, ಅದರ ಅಕ್ಷವೂ ವಾಲಿಕೊಂಡಿದೆ. ಆದ್ದರಿಂದ ನವೆಂಬರ್ ಕೊನೆಯಲ್ಲಿ ಸೂರ್ಯ ನಮ್ಮ ಗಡಿಯಾರಕ್ಕಿಂತ ಮುಂದೆ, ಜನವರಿ ನಡುವಿನಲ್ಲಿ ಹಿಂದೆ. ಎರಡಕ್ಕೂ ಸುಮಾರು 20 ನಿಮಿಷಗಳ ಅಂತರ. ಮಗಳು ಕಂಬಕ್ಕೊರಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಮೋಡವೊಂದು ಬಂದು ಹೋಯಿತು. ಆಮೇಲೆ, ಯಾರೂ ಕರೆಯದೆ, ಯಾವ ಗಂಟೆಯೂ ಬಾರಿಸದೆ, ಬೆಳಕು ಕೊಂಬುಗಳ ನಡುವೆ ನುಸುಳಿ ಲಿಂಗದ ಮೇಲೆ ಬಂದು ಕುಳಿತಿತು.

“ಬಂದ!” ಎಂದಳು ಮಗಳು. ನನ್ನ ತಾಯಿ ಕೈ ಜೋಡಿಸಿದರು. ಹುಡುಗಿಯೂ ಜೋಡಿಸಿದಳು. ಲೆಕ್ಕ ಸರಿಬಂತೆಂಬ ಆನಂದಕ್ಕೋ ಭಕ್ತಿಗೋ ನಾನು ಕೇಳಲಿಲ್ಲ. ಆ ಕ್ಷಣದಲ್ಲಿ ಅವೆರಡಕ್ಕೂ ಭೇದವಿದ್ದಂತೆ ತೋರಲಿಲ್ಲ.

ಈ ಎರಡನೆಯ ಬೆಳಕನ್ನು ವಿದ್ವಾಂಸರು ಬಲ್ಲರು. ಬೆಂಗಳೂರಿನ ಸಂಶೋಧಕರು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದಿದ್ದಾರೆ. ಥಾಮಸ್ ಡೇನಿಯಲ್, ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು 1792ರಲ್ಲಿ ಬರೆದ ಗುಡಿಯ ಚಿತ್ರಗಳೊಡನೆ ಇಂದಿನ ಕಟ್ಟಡವನ್ನು ಹೋಲಿಸಿ, ಇಲ್ಲಿನ ಗೋಡೆ ಮಂಟಪಗಳು ಆಮೇಲೆ ಹೆಚ್ಚಿದುವೆಂದೂ, ಮೊದಲಿಗೆ ಈ ಸ್ಥಳಕ್ಕೆ ಸೂರ್ಯನು ತಿರುಗುವ ದಿನಗಳೊಡನೆಯೇ ಸಂಬಂಧವಿದ್ದಿತೆಂದೂ ಅವರು ಊಹಿಸುತ್ತಾರೆ. ನನಗೆ ಅದಕ್ಕಿಂತಲೂ ಸೋಜಿಗವೆನಿಸುವುದು ಬೇರೊಂದು ಮಾತು. ಹಬ್ಬ ಸರಿಯುತ್ತಿದೆ, ಕಿಟಕಿ ಸರಿಯುವುದಿಲ್ಲ. ಇನ್ನು ಇನ್ನೂರು ಮುನ್ನೂರು ವರ್ಷಗಳಲ್ಲಿ ಹಬ್ಬ ಬೆಳಕನ್ನು ಹಿಂದೆ ಬಿಟ್ಟು ಮುಂದಕ್ಕೆ ಹೋಗಿರುತ್ತದೆ. ಪಂಚಾಂಗವೂ ಕಿಟಕಿಯೂ ಕೈಕುಲುಕುವ ಈ ಕಾಲದಲ್ಲಿ ನಾವು ಬದುಕಿರುವುದು ಒಂದು ಭಾಗ್ಯ.

2021ರ ಸಂಕ್ರಾಂತಿಯಂದು ಮೋಡ ಕವಿದು ಕಿರಣ ಒಳಗೆ ಬರಲಿಲ್ಲ. ಏನು ಕೇಡು ಕಾದಿದೆಯೋ ಎಂದು ಕಳವಳಪಟ್ಟವರೂ ಇದ್ದರು. ನವೆಂಬರಿನ ಬೆಳಕನ್ನು ಬಲ್ಲವರಿಗೆ ಆ ಕಳವಳವಿಲ್ಲ. ಮೋಡ ಅಡ್ಡ ಬಂದರೆ ಅಡ್ಡ ಬಂದದ್ದು ಮೋಡ. ಅದರ ಹಿಂದೆ ಸೂರ್ಯ ತನ್ನ ಹಾದಿಯಲ್ಲಿಯೇ ಇದ್ದಾನೆ.

ಗವಿಪುರ ದೂರವಾದವರಿಗೆ ಮನೆಯ ಮಾಳಿಗೆಯೇ ಸಾಕು. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12 ಗಂಟೆಯಿಂದ 12-45ರವರೆಗೆ ನೆರಳಿನ ತುದಿಯನ್ನು ಸೀಮೆಸುಣ್ಣದಿಂದ ಗುರುತಿಸಿರಿ. ಬೆಂಗಳೂರಿನಲ್ಲಿ ಅತಿ ಗಿಡ್ಡ ನೆರಳು ಡಿಸೆಂಬರ್ 22ರಂದು ಸುಮಾರು 74 ಸೆಂಟಿಮೀಟರ್, ಜನವರಿ 14ರಂದು ಸುಮಾರು 68. ಸೂರ್ಯ ಎಷ್ಟು ದೂರ ನಡೆದುಬಂದನೆಂಬುದನ್ನು ಮಕ್ಕಳು ಅಳತೆಪಟ್ಟಿಯಲ್ಲಿ ಓದಬಹುದು. ಏಪ್ರಿಲ್ 24ರ ಸುಮಾರಿಗೆ ಮತ್ತೆ ಕೋಲು ನಿಲ್ಲಿಸಿದರೆ ನೆರಳೇ ಮಾಯ! ಸೂರ್ಯ ನೆತ್ತಿಯ ಮೇಲಿರುತ್ತಾನೆ.

ಎಳ್ಳು ಬೀರಲು ಹೊರಟಾಗಲೂ ಆಟವುಂಟು. ಡಬ್ಬದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೇಕಾಯಿ ಬೀಜ, ಹುರಿಗಡಲೆಗಳನ್ನು ಚೆನ್ನಾಗಿ ಬೆರೆಸಿ ತುಂಬಿದ್ದರೂ ನಾಲ್ಕು ಮನೆ ತಿರುಗುವಷ್ಟರಲ್ಲಿ ಎಳ್ಳು ತಳ ಸೇರಿ, ಕೊಬ್ಬರಿ ಬೆಲ್ಲದ ಚೂರುಗಳು ಮೇಲೆ ಬಂದಿರುತ್ತವೆ. ಕುಲುಕಿದಾಗ ಸಂದುಗಳಲ್ಲಿ ಸಣ್ಣದು ಜಾರುತ್ತದೆ, ದೊಡ್ಡದು ಜಾರಲಾರದೆ ಮೇಲುಳಿಯುತ್ತದೆ. ಭೌತವಿಜ್ಞಾನಿಗಳು ಇದನ್ನು ಗಂಭೀರವಾಗಿಯೇ ಅಭ್ಯಸಿಸಿದ್ದಾರೆ. ಮೊದಲ ಮನೆಯವರಿಗಿಂತ ಕೊನೆಯ ಮನೆಯವರಿಗೆ ಎಳ್ಳು ಹೆಚ್ಚು ಸಿಕ್ಕುವುದರಲ್ಲಿ ಗೃಹಿಣಿಯ ಪಕ್ಷಪಾತವೇನೂ ಇಲ್ಲವೆಂದು ಇನ್ನು ಧೈರ್ಯವಾಗಿ ಹೇಳಬಹುದು.

ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂಬುದು ಹಿರಿಯರ ಅಪ್ಪಣೆ. ಮಕ್ಕಳು ಕೇಳುವ “ಏಕೆ?” ಎಂಬುದನ್ನೂ ಒಳ್ಳೆಯ ಮಾತುಗಳ ಪಟ್ಟಿಗೆ ಸೇರಿಸಿಕೊಂಡರೆ ಹಬ್ಬಕ್ಕೆ ಒಂದು ಭಕ್ಷ್ಯ ಹೆಚ್ಚಾದಂತೆ. ಬರುವ ಸಂಕ್ರಾಂತಿಗೆ ಗವಿಪುರದಲ್ಲಿ ಜಾಗ ಸಿಕ್ಕದಿದ್ದರೆ ನಿರಾಶರಾಗಬೇಡಿ. ನವೆಂಬರ್ 27ರ ಸುಮಾರಿಗೆ ಹೋಗಿರಿ. ಜಾಗ ಧಾರಾಳವಾಗಿರುತ್ತದೆ.