ಕಾರ್ಡಿಗೊಂದು ಉತಾರ

ರಾತ್ರಿ ತ್ರೀಫೇಸ್ ಬಂತೆಂದರೆ ಅಪ್ಪ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಹಾಯಿಸಲು ಹೊರಡುತ್ತಾರೆ. ಅಥಣಿ ಕಡೆಯ ನಮ್ಮ ತೋಟದ ಮನೆಯಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಅದರ ಹೊಟ್ಟೆಯಲ್ಲೇ ಇನ್ನೊಂದು ವರ್ಚುವಲ್ ಮಶೀನ್ ಎಬ್ಬಿಸಿ, ಅದಕ್ಕೆ ನಿಜವಾದ ಗ್ರಾಫಿಕ್ಸ್ ಕಾರ್ಡನ್ನೇ ಬಿಟ್ಟುಕೊಡುವುದು ನನ್ನ ಚಟ.

ಕಾರ್ಡು ಪ್ರೊಸೆಸರನ್ನು ಕೇಳುತ್ತ ಕೂರುವುದಿಲ್ಲ, ನೇರ ರ್‍ಯಾಮಿಗೇ ಬರೆಯುತ್ತದೆ. ಇದೇ ಡಿಎಂಎ. ಒಳಗಿನ ಮಶೀನಿಗೋ ತನ್ನ ಹೊಲ ಸೊನ್ನೆಯಿಂದಲೇ ಶುರುವೆಂಬ ಭ್ರಮೆ. ಅದು ಕೊಟ್ಟ ವಿಳಾಸ ನಂಬಿ ಕಾರ್ಡು ಬರೆದರೆ ಮಂದಿಯ ಬೆಳೆಯಲ್ಲಿ ನೇಗಿಲು ಹೊಡೆದಂತೆ. ಇಲ್ಲಿ ಅಡ್ಡ ನಿಲ್ಲುವ ತಲಾಟಿಯೇ ಐಒಎಂಎಂಯು. ಇಂಟೆಲ್‌ನವರು ವಿಟಿ-ಡಿ ಅನ್ನುತ್ತಾರೆ. ಸಾಮಾನ್ಯವಾಗಿ 4 ಕೆಬಿಯ ಒಂದೊಂದು ತುಂಡಿಗೂ ಅದರ ಬಳಿ ಉತಾರ ಇರುತ್ತದೆ: ಈ ನಂಬರಿನ ಹೊಲ ನಿಜವಾಗಿ ಎಲ್ಲಿದೆ, ಅಲ್ಲಿ ಓದಬಹುದೋ ಬರೆಯಲೂಬಹುದೋ. ಉತಾರವಿಲ್ಲದ ಕಡೆ ಕಾಲಿಟ್ಟರೆ ಲಾಗಿನಲ್ಲಿ ‘ಡಿಎಂಎಆರ್ ಫಾಲ್ಟ್’ ಎಂದು ಸಾಲು ಬೀಳುತ್ತದೆ. ಆ ಸಾಲು ಕಂಡರೆ ಬೇರೆಯವರಿಗೆ ಬೇಜಾರು, ನನಗೆ ಖುಷಿ. ತಲಾಟಿ ಎಚ್ಚರವಾಗಿದ್ದಾನಲ್ಲ!

ತಕರಾರೆಲ್ಲ ಜಂಟಿ ಉತಾರದ್ದು. 2012ರಲ್ಲಿ ಲಿನಕ್ಸ್ 3.6ರ ಜೊತೆ ಬಂದ ವಿಎಫ್‌ಐಒ ಎಂಬ ವ್ಯವಸ್ಥೆ ಸಾಧನಗಳನ್ನು ಗುಂಪಿನ ಲೆಕ್ಕದಲ್ಲೇ ಬಿಟ್ಟುಕೊಡುತ್ತದೆ. ನನ್ನ ಗುಂಪಿನಲ್ಲಿ ಗ್ರಾಫಿಕ್ಸ್ ಕಾರ್ಡು, ಅದರದೇ ಆಡಿಯೋ, ಅವೆರಡರ ಪಕ್ಕ ಸಂಬಂಧವೇ ಇಲ್ಲದ ಲ್ಯಾನ್ ಕಾರ್ಡು. ಒಂದನ್ನು ಕೊಟ್ಟರೆ ಮನೆಯ ನೆಟ್ಟೂ ಹೋಯಿತು. ಗುಂಪು ಒಡೆಯಲು ಎಸಿಎಸ್ ಓವರ್‌ರೈಡ್ ಎಂಬ ಪ್ಯಾಚ್ ಸಿಗುತ್ತದೆ. ಮೋಜಣಿಯಿಲ್ಲದ ಪೋಡಿ ಅದು. ಕಾಗದದಲ್ಲಿ ಹಿಸ್ಸೆ ಬೇರೆ, ಹೊಲದಲ್ಲಿ ಬದುವೇ ಇಲ್ಲ. ಸಾಧನಗಳು ತಲಾಟಿಯ ಕಣ್ಣು ತಪ್ಪಿಸಿ ಒಂದರ ಹೊಲಕ್ಕೆ ಇನ್ನೊಂದು ನುಗ್ಗಬಹುದು. ನನಗದು ಒಗ್ಗಲಿಲ್ಲ.

ಕೆಸರುಗಾಲಲ್ಲಿ ಬಂದ ಅಪ್ಪ ಕೇಳಿದರು, “ಇನ್ನೂ ಮಕ್ಕೊಂಡಿಲ್ಲೇನೋ?”

“ಪೋಡಿ ಆಗವಲ್ದಪ್ಪಾ.”

“ಪೋಡಿ ಒಂದ ರಾತ್ರ್ಯಾಗ ಆಗ್ತೈತೇನ? ಮಕ್ಕೋ.”

ಮಲಗಲಿಲ್ಲ. ಸ್ಕ್ರೂ ಬಿಚ್ಚಿ ಲ್ಯಾನ್ ಕಾರ್ಡನ್ನು ಕೆಳಗಿನ ಸ್ಲಾಟಿಗೆ ಚುಚ್ಚಿದೆ. ಈ ಸಲ ಪಟ್ಟಿಯಲ್ಲಿ ಅದರ ಗುಂಪಿನ ನಂಬರೇ ಬೇರೆ! ಎರಡನೇ ಮಾನಿಟರ್ ಒಂದು ಗಳಿಗೆ ಕಪ್ಪಗಿದ್ದು ಆಮೇಲೆ ಝಗ್ಗನೆ ಬೆಳಗಿತು.

ಒಂದೇ ತಾಪತ್ರಯ. ಕಾರ್ಡು ಯಾವ ಗಳಿಗೆಗೆ ಎಲ್ಲಿ ಬರೆದೀತೋ ಹೇಳಲಾಗದು. ಹಾಗಾಗಿ ಒಳಗಿನ ಮಶೀನಿಗೆ ಕೊಟ್ಟ 8 ಜಿಬಿಯನ್ನು ಕರ್ನಲ್ ಮೊದಲೇ ಮೊಳೆ ಹೊಡೆದು ಕೂರಿಸುತ್ತದೆ, ಡಿಸ್ಕಿಗೆ ಸರಿಸುವಂತಿಲ್ಲ. ನನ್ನಲ್ಲಿರುವುದೇ 16. ಅದು ಓಡುವಷ್ಟು ಹೊತ್ತು ನಾನು ಬ್ರೌಸರ್ ತೆರೆಯುವುದಿಲ್ಲ.