ಇಲಿಯ ಊಟ, ನನ್ನ ಕಾಲು

ಎರಡು ವರ್ಷದಿಂದ ನನ್ನ ಅಂಗಾಲಿಗೆ ಜೋಮು. ಹೊತ್ತುಗಟ್ಟಲೆ ನಿಂತು ದೋಸೆ ಹುಯ್ದರೆ ಹೀಗೇ ಎಂದು ಸುಮ್ಮನಿದ್ದೆ. ಒಂದು ಬೆಳಿಗ್ಗೆ ಬಚ್ಚಲೊಲೆಯ ಕೆಂಡ ತುಳಿದದ್ದೂ ತಿಳಿಯಲಿಲ್ಲ. ಗುಳ್ಳೆ ನೋಡಿ ಸೊಸೆಯೇ ಗಾಬರಿಯಾದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟರಾಲ್ ಏರಿತ್ತು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೆ. "ಬೊಜ್ಜು ನರಕ್ಕೂ ತೊಂದರೆ ಕೊಡುತ್ತದಮ್ಮಾ" ಎಂದರು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಗಳು ಒಂದು ಪ್ರಯೋಗದ ವಿಷಯ ಹೇಳಿದಳು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ್ದು. ಪುಟ್ಟ ಇಲಿಗಳಿಗೆ ವಾರಗಟ್ಟಲೆ ಕೊಬ್ಬಿನ ಆಹಾರ ತಿನ್ನಿಸಿದರಂತೆ. ಅವು ಉಬ್ಬಿದವು, ಕೊಲೆಸ್ಟರಾಲ್ ಏರಿತು, ನರಗಳು ಮಂದವಾದವು. ಆಮೇಲೆ ಕೆಲವಕ್ಕೆ ಮಾಮೂಲಿ ಆಹಾರ ಕೊಟ್ಟಾಗ ತೂಕ ಇಳಿಯಿತು, ನರಗಳೂ ಚೇತರಿಸಿಕೊಂಡವು.

"ಇಲಿಗೇನು, ಕೊಟ್ಟದ್ದನ್ನು ತಿನ್ನುತ್ತದೆ. ನನಗೆ ಡಬ್ಬಿ ತೆರೆಯಲು ಬರುತ್ತದಲ್ಲ!" ಎಂದೆ.

"ಮನುಷ್ಯರಿಗೂ ಹಾಗೇ ಆಗುತ್ತದೆ ಅಂತ ಹೇಳೋಕಾಗಲ್ಲಮ್ಮ. ಆದರೆ ಮಿಕ್ಕಿದ ಬಜ್ಜಿ ದಂಡವಾಗುತ್ತೆ ಅಂತ ನೀನು ತಿನ್ನೋದು ಬಿಡು" ಎಂದಳು.

ಮೂವತ್ತು ವರ್ಷ ಈ ಮನೆಯ ಉಳಿಕೆಗೆಲ್ಲ ನನ್ನ ಹೊಟ್ಟೆಯೇ ಡಬ್ಬಿ! ಈಗ ಮಾತ್ರೆ ನುಂಗುತ್ತೇನೆ, ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತೇನೆ, ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ. ಜೋಮು ಪೂರ್ತಿ ಹೋಗಿಲ್ಲ. ಆದರೆ ಮೊನ್ನೆ ಚಪ್ಪಲಿಯೊಳಗೆ ಸೇರಿದ ಹರಳು ಚುರುಕ್ಕೆಂದು ಚುಚ್ಚಿತು. "ಅಯ್ಯೋ" ಎಂದೆ. ನೋವಿಗೂ ಇಷ್ಟು ಸಂತೋಷಪಡಬಹುದೆಂದು ಅಂದೇ ತಿಳಿದದ್ದು.